ಅತ್ತೆಯ ಕೈ, ನಾನಿಯ ನೆಟಿಗೆ

ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಅತ್ತೆ ಚಿಲಕ ಹಾಕಿದ್ದು ಒಂದು ರಂಜಾನ್ ಹಬ್ಬದ ಬೆಳಿಗ್ಗೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನಾಗ ಚೊಚ್ಚಲ ಬಸುರಿ. ಆ ಬಾಗಿಲಾಚೆ ಒಂದು ಅಂಗಳ, ಅಂಗಳದ ನಡುವೆ ಬಾವಿ, ಬಾವಿಯಾಚೆ ನಾನಿಯ ಮನೆ. ಬಾಗಿಲು ತೆರೆದಿದ್ದರೆ ಒಲೆ ಮೇಲಿನ ಹಾಲು ಉಕ್ಕುವುದರೊಳಗೆ ಒಂದು ಬಿಂದಿಗೆ ನೀರು ತರಬಹುದು. ಮುಚ್ಚಿದರೆ ಬೀದಿ ಬಾಗಿಲಿನಿಂದ ಇಳಿದು, ಎಣ್ಣೆ ಗಾಣ ದಾಟಿ, ಗಂಡಸರು ತುಂಬಿರುವ ಟೀ ಅಂಗಡಿಯ ಮುಂದೆ ತಲೆತಗ್ಗಿಸಿಕೊಂಡು ಹೋಗಿ, ಸಂದಿಯಲ್ಲಿ ತಿರುಗಿ ಅದೇ ಬಾವಿಗೆ ಬರಬೇಕು. ನೀರು ತರುವವಳು ನಾನು. ಬಾಗಿಲು ಮುಚ್ಚಿದವರು ಅತ್ತೆ.

ಚಿಕ್ಕಬಳ್ಳಾಪುರದಿಂದ ಈ ಮನೆಗೆ ಬಂದ ಹೊಸತರಲ್ಲಿ ನನಗೆ ತಿಳಿಯದೆ ಹೋದದ್ದು ಇಲ್ಲಿಯವರ ಕೈ. ಮಾತು ಹೇಗೋ ತಿಳಿಯುತ್ತಿತ್ತು. ಅತ್ತೆಯ ತವರು ಚಿಂತಾಮಣಿ ಕಡೆಯ ಹಳ್ಳಿ, ಅವರ ಕನ್ನಡದಲ್ಲಿ ಅರ್ಧ ತೆಲುಗು. ಅದು ನಮ್ಮೂರ ತರಕಾರಿ ಸಂತೆಯಲ್ಲೂ ಕೇಳಿ ಅಭ್ಯಾಸವಾದದ್ದೇ. ಆದರೆ ನಮ್ಮ ಶಾಲೆಯಲ್ಲಿ ಕಿರುಬೆರಳು ಎತ್ತಿದರೆ ಒಂದಕ್ಕೆ ಹೋಗಬೇಕು ಎಂದರ್ಥ. ಇಲ್ಲಿ ನನ್ನ ಪುಟ್ಟ ನಾದಿನಿ ಒಂದು ದಿನ ನನ್ನ ಮುಖದ ಮುಂದೆ ಕಿರುಬೆರಳು ಹಿಡಿದು ನಿಂತಾಗ, ಪಾಪ ಅವಸರವೇನೋ ಎಂದು ಚೊಂಬಿನಲ್ಲಿ ನೀರು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಬಾಚಣಿಗೆ ಕೊಡಲಿಲ್ಲವೆಂದು ಅವಳು ನನ್ನ ಮೇಲೆ ಠೂ ಬಿಟ್ಟದ್ದಂತೆ. ನಮ್ಮಪ್ಪ ಸಂತೆಯಿಂದ ಬಂದು ಹೆಬ್ಬೆರಳು ಅಲ್ಲಾಡಿಸಿದರೆ ಸೊಪ್ಪು ಸಿಗಲಿಲ್ಲ ಎಂದಷ್ಟೇ. ಅದೇ ಹೆಬ್ಬೆರಳನ್ನು, ಗೌರಿಬಿದನೂರಿನಿಂದ ಬಂದಿದ್ದ ನನ್ನ ಓರಗಿತ್ತಿಯ ಎಲೆಯ ಮುಂದೆ, ಪಲ್ಯ ಮುಗಿಯಿತು ಎಂದು ಹೇಳಲು ಅಲ್ಲಾಡಿಸಿದೆ. ಆಕೆ ಎಲೆ ಬಿಟ್ಟು ಎದ್ದಳು. ಅವಳ ಕಡೆ ಅದು ಅಣಕವಂತೆ. ಆಮೇಲಿಂದ ನಾನು ಬಡಿಸುವಾಗ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪಾತ್ರೆ ಹಿಡಿದು, ಕೈಗೆ ಬಿಡುವೇ ಕೊಡುತ್ತಿರಲಿಲ್ಲ.

ಅತ್ತೆ ಶನಿವಾರ ದೇವರಿಗೆ ದೀಪ ಹಚ್ಚಿ ಮಂಗಳಾರತಿ ಆಗುವವರೆಗೆ ಮಾತಾಡುತ್ತಿರಲಿಲ್ಲ. ಆದರೆ ಅವರ ಯಜಮಾನಿಕೆ ನಿಲ್ಲಬೇಕಲ್ಲ, ಅದು ಕೈಗೆ ಬರುತ್ತಿತ್ತು. ಅಂಗೈ ಮಗುಚಿ ಬೆರಳುಗಳನ್ನು ಒಮ್ಮೆ ಹೊರಕ್ಕೆ ಚಿಮ್ಮಿದರೆ ‘ಇರು, ಆಮೇಲೆ ಬಾ’ ಎಂದು. ಒಲೆಯ ಕಡೆ ಚಿಮ್ಮಿದರೆ ಬೆಂಕಿ ತಗ್ಗಿಸು ಎಂದು. ಮನೆಯವರಿಗೆಲ್ಲ ಇದು ಪಾಠವಾಗಿತ್ತು. ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ನಾನಿ ಎಂದರೆ ಹಿಂದಿನ ಮನೆಯ ಅಜ್ಜಿ. ಮೊಮ್ಮಕ್ಕಳು ನಾನಿ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಚರಕವಿತ್ತು. ಕುದಿಯುವ ನೀರಿನಲ್ಲಿ ಗೂಡು ಹಾಕಿ, ಎಳೆ ಹಿಡಿದು ಹಿಡಿದು ನಾನಿಯ ಬೆರಳುಗಳು ಸದಾ ಬೆಳ್ಳಗೆ ಬೆಂದ ಹಾಗಿರುತ್ತಿದ್ದವು. ಬೆಳಿಗ್ಗೆ ಅವು ಮಡಿಸಲು ಬರುತ್ತಿರಲಿಲ್ಲ. ಹಾಗಾಗಿ ಬಿಸಿಲು ಬಿದ್ದ ಕೂಡಲೇ ಬಾವಿಕಟ್ಟೆ ಪಕ್ಕದ ಕಲ್ಲಿನ ಮೇಲೆ ಕೂತು ಒಂದೊಂದೇ ಬೆರಳನ್ನು ಮುಂದಕ್ಕೆ ಒತ್ತಿ ನೆಟಿಗೆ ಮುರಿಯುತ್ತಿದ್ದರು. ಬಿಸಿಲು ಬರುವುದು ಪೂರ್ವದಿಂದ. ಪೂರ್ವಕ್ಕೆ ಇದ್ದದ್ದು ನಮ್ಮ ಹಿತ್ತಲ ಬಾಗಿಲು.

ಹಬ್ಬದ ದಿನ ನಾನಿ ಹೊಸ ಸೀರೆಯುಟ್ಟು, ಬಟ್ಟಲಲ್ಲಿ ಶಾವಿಗೆ ಪಾಯಸ ತುಂಬಿ, ಮೇಲೆ ತಟ್ಟೆ ಮುಚ್ಚಿ ಹಿತ್ತಲ ಬಾಗಿಲಿಗೆ ಬಂದರು. ಅಂದು ಶನಿವಾರ. ಅತ್ತೆ ದೀಪದ ಮುಂದೆ ಕೂತಿದ್ದವರು ತಿರುಗಿ ನೋಡಿ, ಅಂಗೈ ಮಗುಚಿ ಬೆರಳು ಚಿಮ್ಮಿದರು. ನಾನು ಒರಳಿನ ಮುಂದೆ ಹಿಟ್ಟಿನ ಕೈಯಲ್ಲಿ ಕೂತಿದ್ದೆ, ಏಳುವುದು ತಡವಾಯಿತು. ನಾನಿಯ ಮುಖ ಬದಲಾಯಿತು. ಬಟ್ಟಲನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರು. ಭಾರವಾದ ಬಟ್ಟಲು ಹಿಡಿದು ಬಂದಿದ್ದರು, ಬೆರಳು ಮರಗಟ್ಟಿತ್ತೇನೋ, ಅಲ್ಲೇ ನಿಂತು ಎರಡೂ ಕೈ ಮುಂದೆ ಮಾಡಿ ಪಟಪಟನೆ ನೆಟಿಗೆ ಮುರಿದುಕೊಂಡು ಹೊರಟುಹೋದರು.

ಅತ್ತೆಯ ಮೌನ ಅಲ್ಲಿಗೆ ಮುರಿಯಿತು.

“ನೋಡ್ದೇನಮ್ಮ? ಹಬ್ಬದ್ ದಿನ ನಮ್ಮನೆ ಬಾಗ್ಲಲ್ಲಿ ನಿಂತ್ಕೊಂಡು ಮೆಟಿಕಲು ಮುರುದ್ಲು. ಬಸುರಿ ಇರೋ ಮನೆ ಇದು.”

ಅತ್ತೆಯ ಊರಿನಲ್ಲಿ ಹೆಂಗಸರು ಜಗಳದಲ್ಲಿ ಬೈಗುಳವೆಲ್ಲ ಮುಗಿದ ಮೇಲೆ ಎದುರಾಳಿಯ ಕಡೆ ಬೆರಳು ಒಡ್ಡಿ ನೆಟಿಗೆ ಮುರಿಯುತ್ತಿದ್ದರಂತೆ. ಅದಕ್ಕಿಂತ ದೊಡ್ಡ ಶಾಪವಿಲ್ಲ. ಚಿಲಕ ಬಿತ್ತು. ಪಾಯಸ ಕಲ್ಲಿನ ಮೇಲೇ ಇತ್ತು. ನಾದಿನಿ ಕಿಟಕಿಯಿಂದ ನೋಡುತ್ತಾ ನಿಂತಿದ್ದಂತೆ ಕಾಗೆ ಬಂದು ತಟ್ಟೆ ಬೀಳಿಸಿತು.

ಮಾರನೆ ದಿನ ಸುತ್ತುದಾರಿಯಲ್ಲಿ ಬಾವಿಗೆ ಹೋದಾಗ ನಾನಿ ನನ್ನ ಬಿಂದಿಗೆಯನ್ನು ತಾವೇ ಸೇದಿ ತುಂಬಿದರು. ಆಮೇಲೆ ಕೇಳಿದರು:

“ನಾನು ಭಿಕ್ಷೆಗೆ ಬಂದಿದ್ನಾ ಬೇಟಿ? ಕೋಳಿ ಓಡಿಸ್ದಂಗೆ ಓಡಿಸಿದ್ರು ನಿಮ್ಮತ್ತೆ.”

ಅದು ‘ಆಮೇಲೆ ಬಾ’ ಎಂದಿದ್ದು ಎಂದು ನಾನು ವಿವರಿಸಿದೆ. ವಿವರಿಸಲು ಕೈ ಚಿಮ್ಮಿ ತೋರಿಸಬೇಕಾಯಿತು. ನಾನಿ ನನ್ನ ಕೈಯನ್ನೇ ನೋಡಿ, ತಿಳೀತು ಬಿಡು ಎಂದು ಒಳಗೆ ಹೋದರು. ಸೊಸೆಯೂ ಓಡಿಸಿದಳು ಅಂದುಕೊಂಡರೋ ಏನೋ.

ಮನೆಗೆ ಬಂದು ಅತ್ತೆಗೆ ಹೇಳಿದೆ, ಅವರದು ಕೀಲು ನೋವು, ಬಿಸಿನೀರಿನ ಕೆಲಸ, ದಿನಾ ಬೆಳಿಗ್ಗೆ ಮುರಿಯುತ್ತಾರೆ ಎಂದು. ಹೇಳಬಾರದಿತ್ತು.

“ದಿನಾನಾ?” ಎಂದರು ಅತ್ತೆ. “ನಂಗೂ ಕೀಲು ನೋವೈತೆ. ನಾನೇನು ಅವ್ರ ಬಾಗ್ಲ ಕಡೆ ತಿರುಗ್ಕೊಂಡು ಮುರೀತೀನಾ?”

ಸೂರ್ಯನ ವಿಚಾರ ತೆಗೆಯುವಷ್ಟು ತಾಳ್ಮೆ ನನಗೂ ಉಳಿದಿರಲಿಲ್ಲ. ಯಜಮಾನರಿಗೆ ಹೇಳಿದೆ. ಅವರು ನಾನಿಯ ಮಗನ ಹತ್ತಿರ ಮಾತಾಡುತ್ತೇನೆಂದು ಹೋಗಿ, ಇಬ್ಬರೂ ಅದೇ ಟೀ ಅಂಗಡಿಯಲ್ಲಿ ಕೂತು ಗೂಡಿನ ಗುಣದ ಬಗ್ಗೆ ಮಾತಾಡಿ ಬಂದರು. ಬಾಗಿಲ ವಿಷಯ ಏನಾಯಿತು ಎಂದರೆ, “ಅವ್ರ ಮನೇಲೂ ಇದೇ ಗೋಳಂತೆ ಕಣೇ” ಎಂದು ಟವಲ್ಲು ಹೊದ್ದು ಮಲಗಿದರು. ಗಂಡಸರಿಗೆ ಆ ಅಂಗಡಿಯ ಮುಂದೆ ತುಂಬಿದ ಬಿಂದಿಗೆ ಹೊತ್ತು ಬಸುರಿ ನಡೆಯುವುದೆಂದರೇನು ಎಂದು ಗೊತ್ತಿರುವುದಿಲ್ಲ. ಅವರು ಬೆಂಚಿನ ಮೇಲೆ ಕೂತವರು.

ಹೆರಿಗೆಗೆ ಚಿಕ್ಕಬಳ್ಳಾಪುರಕ್ಕೆ ಹೋದೆ. ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಾ ನೆನೆಸಿಕೊಳ್ಳುತ್ತಿದ್ದೆ, ಇಷ್ಟು ಹೊತ್ತಿಗೆ ಬಾಗಿಲು ತೆಗೆದಿರುತ್ತಾರೆ, ನಾನಿಲ್ಲದ ಮೇಲೆ ನೀರು ತರುವವರಾರು ಎಂದು. ಮಗಳನ್ನೆತ್ತಿಕೊಂಡು ಬಸ್ಸಿಳಿದು ಬಂದು ಮೊದಲು ನೋಡಿದ್ದು ಹಿತ್ತಲನ್ನು. ಚಿಲಕ ಹಾಗೇ ಇತ್ತು, ತುಕ್ಕು ಹಿಡಿದಿತ್ತು. ನಾನಿಲ್ಲದಾಗ ನೀರನ್ನು ಕೂಲಿಯವಳಿಂದ ಹೊರಿಸಿದ್ದರಂತೆ. ನಾನು ಬಂದ ದಿನವೇ ಅವಳನ್ನು ಬಿಡಿಸಿದರು. ಈಗ ಮಗುವಿನ ಬಟ್ಟೆಗೂ ಸೇರಿಸಿ ನೀರು ಬೇಕು. ಮಗು ಮಲಗಿದಾಗ ಓಡಬೇಕು, ಎಚ್ಚರವಾಗುವುದರೊಳಗೆ ಬರಬೇಕು. ಎಷ್ಟೋ ಸಲ ಎಣ್ಣೆ ಗಾಣದ ಹತ್ತಿರ ಬರುವಾಗಲೇ ಅದರ ಅಳು ಕೇಳಿಸುತ್ತಿತ್ತು. ಒಂದು ದಿನ ಅರ್ಧ ಬಿಂದಿಗೆ ನೀರು ಟೀ ಅಂಗಡಿಯ ಮುಂದೆಯೇ ಚೆಲ್ಲಿಕೊಂಡು ಬಂದೆ. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಎಷ್ಟು ಹೊತ್ತಮ್ಮ ನೀನು, ಎಂದರು.

ಅದಾದ ಮೇಲಿನ ಶನಿವಾರ ಬೀದಿ ಬಾಗಿಲಲ್ಲಿ ನೆರಳು ಕಂಡಿತು. ನಾನಿ. ನಮ್ಮ ಮನೆಗೆ ಅವರು ಮುಂದಿನ ಬಾಗಿಲಿನಿಂದ ಬಂದದ್ದು ಅದೇ ಮೊದಲು. ಅವರೂ ಗಾಣ, ಟೀ ಅಂಗಡಿ ಎಲ್ಲ ಸುತ್ತಿ ಬಂದಿದ್ದರು. ಕೈಯಲ್ಲಿ ಹಳೆಯ ರೇಷ್ಮೆ ಸೀರೆಯಿಂದ ಹೊಲಿದ ಪುಟ್ಟ ಕುಲಾವಿ. ಹೊಸ್ತಿಲಾಚೆಯೇ ನಿಂತರು.

ಅತ್ತೆ ದೀಪದ ಮುಂದೆ. ಮಂಗಳಾರತಿ ಆಗಿಲ್ಲ, ಬಾ ಎನ್ನುವಂತಿಲ್ಲ. ಅಭ್ಯಾಸಬಲದಿಂದ ಅವರ ಬಲಗೈ ಎದ್ದಿತು, ಅಂಗೈ ಮಗುಚಿತು. ಈ ಸಲ ಚಿಮ್ಮಿದರೆ ನನ್ನ ಮಗಳು ದೊಡ್ಡವಳಾಗಿ ಅವಳೇ ಸುತ್ತುದಾರಿಯಲ್ಲಿ ನೀರು ತರಬೇಕು. ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ ಇಳಿದು ಪಕ್ಕದ ನೆಲವನ್ನು ತಟ್ಟಿತು.

ನಾನಿ ಬಂದು ಕೂತರು. ಮಗುವಿನ ತಲೆಗೆ ಕುಲಾವಿ ಕಟ್ಟಿದರು. ಎರಡೂ ಅಂಗೈಯಿಂದ ಅದರ ಮುಖ ನೇವರಿಸಿ, ಮಡಿಸಿದ ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿದರು. ಅತ್ತೆಯ ಬೆನ್ನು ಸೆಟೆದದ್ದು ನನಗೆ ಕಂಡಿತು. ಆದರೆ ಅವರಿಗೂ ಇದು ಗೊತ್ತಿದ್ದದ್ದೇ. ಮಗುವಿನ ದೃಷ್ಟಿಯನ್ನು ತನ್ನ ತಲೆಗೆ ಎಳೆದುಕೊಳ್ಳುವುದು ಎರಡೂ ಮನೆಯಲ್ಲಿ ಒಂದೇ. ನೆಟಿಗೆ ಎಷ್ಟು ಜೋರಾಗಿ ಮುರಿದರೆ ಅಷ್ಟು ದೃಷ್ಟಿ ಹೋಯಿತು.

ಸದ್ದೇ ಬರಲಿಲ್ಲ. ನಾನಿ ಮತ್ತೆ ಒತ್ತಿದರು. ಊಹೂಂ. ಬೆಳಿಗ್ಗೆ ಬಿಸಿಲಲ್ಲಿ ಕೂತು ಎಲ್ಲ ಬೆರಳನ್ನೂ ಮುರಿದುಕೊಂಡೇ ಬಂದಿದ್ದರು. ಒಮ್ಮೆ ಮುರಿದ ನೆಟಿಗೆ ಅಷ್ಟು ಬೇಗ ಇನ್ನೊಮ್ಮೆ ಮುರಿಯುತ್ತದೆಯೇ? ಅವರ ಮುಖ ಸಣ್ಣದಾಯಿತು. ಮಗುವಿನ ದೃಷ್ಟಿ ಹೋಗಲಿಲ್ಲವಲ್ಲ.

ಅತ್ತೆ ದೀಪದ ಕಡೆ ಒಮ್ಮೆ ನೋಡಿದರು.

“ಬೆಳಿಗ್ಗೆನೇ ಎಲ್ಲಾ ಆ ಕಲ್ಲಿನ್ ಮೇಲೆ ಮುರ್ಕೊಂಡು ಬಂದ್ರೆ ಮಗೀಗೇನು ಉಳೀತೈತೆ? ಸರೀರಿ ಅತ್ಲಾಗೆ.”

ಹೇಳಿ ತಾವೇ ಮಗುವಿನ ಮುಖ ನೇವರಿಸಿ ಕಣತಲೆಗೆ ಒತ್ತಿದರು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಮಗು ಬೆಚ್ಚಿ ಅತ್ತಿತು.

“ನಿಮ್ದು ಭಾಳ ಜೋರು ಅಮ್ಮಾ,” ಎಂದರು ನಾನಿ. “ಬಿಸ್ನೀರಲ್ಲಿ ಕೈ ಹಾಕಿಲ್ಲ ನೀವು.”

“ನಮ್ಮ ತಾಯಿದು ಇನ್ನೂ ಜೋರು,” ಎಂದರು ಅತ್ತೆ.

ಕ್ಷಮೆಯ ಮಾತು ಯಾರೂ ಆಡಲಿಲ್ಲ. ಯಾರ ತಾಯಿಯದು ಹೆಚ್ಚು ಜೋರು ಎಂದು ಇಬ್ಬರೂ ಶುರು ಮಾಡಿದರು, ಅಳುವ ಮಗುವನ್ನು ನಡುವೆ ಇಟ್ಟುಕೊಂಡು. ಒಂದು ವರ್ಷಕ್ಕೆ ಹತ್ತಿರ ನನ್ನನ್ನು ಊರು ಸುತ್ತಿಸಿದ್ದು ಇಬ್ಬರಿಗೂ ನೆನಪಿರಲಿಲ್ಲ. ನಾನು ಯಾರನ್ನೂ ಕೇಳದೆ ಎದ್ದು ಹಿತ್ತಲಿಗೆ ಹೋದೆ. ಚಿಲಕ ಅಲುಗಲಿಲ್ಲ. ಅಡಿಗೆಮನೆಯಿಂದ ಹರಳೆಣ್ಣೆ ತಂದು ಹುಯ್ದು, ಸೆರಗು ಸುತ್ತಿಕೊಂಡು ಎಳೆದೆ. ಬಂತು, ನನ್ನ ಉಗುರನ್ನೂ ಕಿತ್ತುಕೊಂಡು.

“ಏನಮ್ಮ ಅದು ಸದ್ದು?” ಎಂದು ಒಳಗಿನಿಂದ ಅತ್ತೆ ಕೇಳಿದರು.

ನೀರಿಗೆ ಹೋಗ್ತಿದೀನಿ ಎಂದು ಹೇಳಿ, ಬಿಂದಿಗೆ ಎತ್ತಿಕೊಂಡು ಬಾವಿಗೆ ನಡೆದೆ. ಮಗು ಇನ್ನೂ ಅಳುತ್ತಲೇ ಇತ್ತು. ಈಗ ಬಾವಿಕಟ್ಟೆಯವರೆಗೂ ಕೇಳಿಸುತ್ತಿತ್ತು.