ಎರಡನೆಯ ಮನೆಯ ಬಿತ್ತನೆ

ನಾನು ಸುಳ್ಳು ಹೇಳಿದೆ. ಜಯಮ್ಮನವರು ಕೊಟ್ಟ ಅವರೆಬೀಜ ಒಂದೂ ಮೊಳೆಯಲಿಲ್ಲ ಎಂದು ಅವರ ಮುಖ ನೋಡಿಕೊಂಡೇ ಹೇಳಿದೆ. ಆ ಹೊತ್ತಿಗೆ ಅದೇ ಬೀಜದ ಮೂರನೆಯ ತಲೆಮಾರು ನಮ್ಮ ಪ್ರಯೋಗಾಲಯದ ಗಾಜಿನ ಮನೆಯಲ್ಲಿ ನನ್ನ ಎದೆಮಟ್ಟಕ್ಕೆ ಬೆಳೆದು, ಹೂ ಬಿಟ್ಟು ನಿಂತಿತ್ತು. ಐದು ವರ್ಷವಾಯಿತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ನನ್ನ ಕೆಲಸ ತರಕಾರಿ ಬೆಳೆಗಳ ಜೀನುಗಳನ್ನು ಓದುವುದು. ಮೈಸೂರಿನವಳು, ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ ಮನೆ, ಟ್ಯೂಬ್ ರೈಲು ಹತ್ತಿ ಊರ ಮಧ್ಯದ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತೇನೆ. ಆಗ ನಾನು ಹುಡುಕುತ್ತಿದ್ದದ್ದು ಒಂದೇ — ಬೇಸಿಗೆಯ ಉದ್ದನೆಯ ಹಗಲಿನಲ್ಲೂ ಹೂ ಬಿಡುವ ಅವರೆ. ನಮ್ಮ ಅವರೆ ಹಗಲು ಸಣ್ಣದಾಗುವವರೆಗೆ ಕಾಯುತ್ತದೆ. ಮೈಸೂರಿನಲ್ಲಿ ಅದು ಸರಿ. ಲಂಡನ್ನಿನಲ್ಲಿ ಹಗಲು ಸಣ್ಣದಾಗುವ ಹೊತ್ತಿಗೆ ಚಳಿ ಬಂದು, ಬಳ್ಳಿ ಬರೀ ಎಲೆ ಹೊತ್ತುಕೊಂಡೇ ಸತ್ತುಹೋಗುತ್ತದೆ. ಎಲ್ಲೆಲ್ಲಿಂದಲೋ ಬೀಜ ತರಿಸಿ ಎರಡು ವರ್ಷ ಬೆಳೆಸಿ ನೋಡಿದ್ದೆ. ಎಲ್ಲವೂ ಎಲೆಯೇ.

ಜಯಮ್ಮ ಹುಣಸೂರಿನ ಕಡೆಯವರು. ಡಾಕ್ಟರ್ ಮಗಳ ಬಾಣಂತನಕ್ಕೆಂದು ನಮ್ಮ ಪಕ್ಕದ ಹ್ಯಾರೋಗೆ ಬಂದವರು ಇಲ್ಲೇ ಉಳಿದರು. ದೇವಸ್ಥಾನದಲ್ಲಿ ಪರಿಚಯ. ನಾನು ಅವರೆಯ ಮೇಲೆ ಕೆಲಸ ಮಾಡುತ್ತೇನೆ ಎಂದದ್ದೇ ತಡ, ಅವರಿಗೆ ನಗು ಬಂತು. "ಅವರೇಕಾಯಿಗೂ ಒಂದ್ ಕಾಲೇಜಾ? ಬಾರವ್ವ, ನನ್ ಹಿತ್ಲು ತೋರಿಸ್ತೀನಿ" ಎಂದರು. ಹಿತ್ತಲು ಅಂದರೆ ಮನೆಯಿಂದ ಹತ್ತು ನಿಮಿಷ ದೂರದಲ್ಲಿ, ಕೌನ್ಸಿಲ್‌ನವರು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಒಂದು ತುಂಡು ನೆಲ.

ಆಗಸ್ಟ್ ಮೊದಲ ವಾರ. ಸಂಜೆ ಎಂಟಾದರೂ ಬೆಳಕು. ಅವರು ಕಟ್ಟಿದ್ದ ಬಿದಿರುಕಡ್ಡಿಯ ಚಪ್ಪರದ ತುಂಬ ಕಾಯಿ! ಹಸಿರು ಕಾಯಿ, ಅಂಚಿನಲ್ಲಿ ತೆಳ್ಳಗೆ ನೇರಳೆ ಗೆರೆ. ಒಂದನ್ನು ಮುರಿದು ಮೂಸಿದೆ — ಸೊಗಡು, ಅದೇ ಸೊಗಡು.

"ಇದು ಹೆಂಗೆ ಬಂತಮ್ಮ, ಈಗ?"

"ಸುಮ್ನೆ ಬತ್ತದಾ? ಮೊದಲ್ನೇ ವರ್ಷ ಎರಡೇ ಎರಡು ಕಾಯಿ ಬಲಿತಿದ್ದು, ಅದೂ ಚಳಿ ಹತ್ತಿದ್ ಮೇಲೆ. ಮೊದ್ಲು ಬಂದಿದ್ದಕ್ಕೆ ದಾರ ಕಟ್ಟಿಬಿಡ್ತೀನಿ. ಅದನ್ನ ಯಾರೂ ಮುಟ್ಟಂಗಿಲ್ಲ, ಬಿತ್ತನೇಗೇಯ. ಮೊಮ್ಮಗಳು ಹುಟ್ಟಿದ್ ವರ್ಷದಿಂದ ಹಿಂಗೇ."

ಮೊಮ್ಮಗಳು ಆಗ ಕಾಲೇಜು ಮುಗಿಸುತ್ತಿದ್ದಳು. ನಾನು ಪ್ರತಿ ಬಳ್ಳಿಯನ್ನೂ ನೋಡುತ್ತಾ ಹೋದೆ. ಅಲ್ಲಲ್ಲಿ, ಒಂದೊಂದು ಕಾಯಿಯ ತೊಟ್ಟಿಗೆ ಕೆಂಪು ಉಲ್ಲನ್ನಿನ ದಾರ. ನಾವು ಗಾಜಿನ ಮನೆಯಲ್ಲಿ ಚೀಟಿ ಕಟ್ಟಿ, ನಂಬರು ಬರೆದು ಮಾಡುವುದೂ ಇದೇ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ, ಹಳೆಯ ಸ್ವೆಟರು ಬಿಚ್ಚಿ ತೆಗೆದ ದಾರದಲ್ಲಿ, ಅವರು ಆ ಕೆಲಸ ಮಾಡಿ ಮುಗಿಸಿಬಿಟ್ಟಿದ್ದರು. ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಆಯಿತು, ನಿಜ. ಅದರ ಹಿಂದೆಯೇ ಇನ್ನೊಂದು — ಹೊಟ್ಟೆಕಿಚ್ಚು ಎನ್ನಲೇ? ಬೇರೆ ಪದ ಸಿಗುತ್ತಿಲ್ಲ.

ಅಕ್ಟೋಬರಿನಲ್ಲಿ ಬೀಜ ಕೊಟ್ಟರು. ಕೈಗೆ ಕೊಡಲಿಲ್ಲ. "ಬಿತ್ತನೆ ಕೈಗೆ ಕೊಡಾಕಿಲ್ಲ ನಾವು, ಸೆರಗು ಒಡ್ಡು" ಎಂದರು. ಪ್ಯಾಂಟು ಕೋಟಿನಲ್ಲಿದ್ದ ನಾನು ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ಒಡ್ಡಿದೆ. ಬೂದಿ ಬೆರೆಸಿಟ್ಟ ಬೀಜ, ಎರಡು ಹಿಡಿ. ಆಮೇಲೆ ಹೇಳಿದರು — ಈ ಮಾತನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ:

"ಬಿತ್ತನೆ ಎರಡು ಮನೇಲಿರ್ಬೇಕು ಕಣವ್ವ. ನಮ್ಮೂರಲ್ಲಿ ನಮ್ದು ಹೋದ್ರೆ ಚಿಕ್ಕವ್ವನ ಮನೆಗೆ ಹೋಗ್ತಿದ್ವಿ, ಅವರದ್ದು ಹೋದ್ರೆ ನಮ್ಮನೆಗೆ ಬರೋರು. ಇಲ್ಲಿ ನಂಗೆ ಎರಡನೇ ಮನೆ ಅಂತ ಇರ್ಲೇ ಇಲ್ಲ. ಇನ್ ಮೇಲೆ ನಿಂದೇಯ."

ನಮ್ಮಲ್ಲಿ ಒಂದು ನಿಯಮವಿದೆ. ಯಾರಾದರೂ ತಾವು ಕಾಪಾಡಿಕೊಂಡು ಬಂದ ಬೀಜ ಕೊಟ್ಟರೆ ಅವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಬೇಕು, ಬೀಜದ ದಾಖಲೆಯಲ್ಲಿ ಅವರ ಹೆಸರು ಬರೆಯಬೇಕು, ಮುಂದೆ ಪ್ರಬಂಧದಲ್ಲೂ ಅದು ಬರಬೇಕು. ಆ ಪತ್ರ ಅವತ್ತು ನನ್ನ ಬ್ಯಾಗಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಂಥ ಮರೆವು! ದಾಖಲೆಯಲ್ಲಿ ಬೀಜದ ಮೂಲ ಬರೆಯುವ ಜಾಗಕ್ಕೆ ಬಂದಾಗ, ಸ್ವಲ್ಪವೂ ತಡವರಿಸದೆ 'ಈಸ್ಟ್ ಹ್ಯಾಮ್, ದಿನಸಿ ಅಂಗಡಿಯಲ್ಲಿ ಕೊಂಡದ್ದು' ಎಂದು ಟೈಪು ಮಾಡಿದವಳೂ ನಾನೇ. ಅಂಗಡಿಯ ಬೀಜವಾದರೆ ಅದರಲ್ಲಿ ವಿಶೇಷ ಕಂಡುಹಿಡಿದವಳು ನಾನು. ಜಯಮ್ಮನ ಬೀಜವಾದರೆ ಕಂಡುಹಿಡಿದವರು ಅವರು — ನಾನು ಅದು ಯಾಕೆ ಹಾಗಾಯಿತು ಎಂದು ವಿವರಿಸಿದವಳು, ಅಷ್ಟೆ. ಆ 'ಅಷ್ಟೆ' ನನಗೆ ಸಾಲಲಿಲ್ಲ.

ಯಾಕೆ ಎಂಬುದು ಸಿಕ್ಕಿತು. ಹಗಲಿನ ಉದ್ದ ಅಳೆಯುವ ಒಂದು ಜೀನು ಅವರ ಅವರೆಯಲ್ಲಿ ಕೆಟ್ಟಿತ್ತು; ಬಳ್ಳಿ ಕಾಯುವುದನ್ನೇ ಮರೆತಿತ್ತು. ನಾನು ಅದಕ್ಕೆ 'ಅಂಗಡಿ ಮಾದರಿ ಏಳು' ಎಂದು ಹೆಸರಿಟ್ಟೆ. ಪ್ರಬಂಧ ಬರೆಯತೊಡಗಿದೆ.

ಅದು ಇನ್ನೂ ಅಚ್ಚಾಗಿರಲಿಲ್ಲ, ಬೀಜ ಕೊಟ್ಟು ಒಂದೂವರೆ ವರ್ಷವಾಗಿತ್ತು, ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಜಯಮ್ಮ ನಮ್ಮ ಮನೆಗೆ ಬಂದರು. ಕೈಯಲ್ಲಿ ಕೋಡುಬಳೆಯ ಡಬ್ಬ. ಒಳಗೆ ಬಂದು ಕೂತವರು ಚಳಿಗೆ ಹಾಕಿದ್ದ ಸ್ವೆಟರನ್ನೂ ತೆಗೆಯಲಿಲ್ಲ.

"ಶೆಡ್ಡಲ್ಲಿ ಮಡಗಿದ್ದೆ ಕಣವ್ವ, ನೀರು ಸೋರಿ ಪೂರ್ತಿ ಬೂಸ್ಟು ಹಿಡಿದುಬಿಟ್ಟದೆ. ಒಂದು ಕಾಳೂ ಉಳೀನಿಲ್ಲ. ನಿನ್ನ ತಾವ ಅದಲ್ಲ, ಅದ್ರಲ್ಲಿ ಒಸಿ ಕೊಡು. ಒಂದ್ ಹಿಡಿ ಸಾಕು."

ಒಂದು ಹಿಡಿ! ಪ್ರಯೋಗಾಲಯದಲ್ಲಿ ಬೀಜ ಕಾಪಿಡುವ ತಣ್ಣನೆಯ ಕೋಣೆಯಲ್ಲಿ ಲಕೋಟೆಗಟ್ಟಲೆ ಇತ್ತು. ಕೊಟ್ಟರೆ ಏನಾಗುತ್ತಿತ್ತು? ಅವರು ಬೆಳೆಯುತ್ತಾರೆ, ಎಲ್ಲರಿಗೂ ಹಂಚುತ್ತಾರೆ. ಹ್ಯಾರೋದ ಹಿತ್ತಲಲ್ಲಿ ಅಂಗಡಿ ಮಾದರಿ ಏಳು ಹೇಗೆ ಬಂತು ಎಂದು ಒಂದು ದಿನ ಯಾರಾದರೂ ಕೇಳುತ್ತಾರೆ — ಇಷ್ಟೆಲ್ಲ ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಬುದ್ಧಿವಂತೆ ನೋಡಿ.

"ಮೊಳೀಲೇ ಇಲ್ಲಮ್ಮ," ಎಂದೆ. "ಒಂದೂ."

"ಒಂದೂವಾ?"

"ಒಂದೂ."

ಅವರು ಬೈಯಬಹುದಿತ್ತು. ಅಯ್ಯೋ, ಮೊದಲೇ ಹೇಳಬಾರದಿತ್ತಾ ಎನ್ನಬಹುದಿತ್ತು. ಡಬ್ಬದ ಮುಚ್ಚಳ ಒತ್ತಿ ನನ್ನ ಕಡೆ ಸರಿಸಿದರು. ಆಮೇಲೆ, "ಬೂದಿ ಕಮ್ಮಿ ಆಗಿತ್ತೇನೋ. ನಂದೇ ತಪ್ಪು. ನಿನ್ನ ಕೆಲಸಾನೂ ಕೆಡಿಸ್ಬಿಟ್ನಲ್ಲ ಮಗ" ಎಂದರು. ನನ್ನ ತಲೆ ಸವರಿ ಹೋದರು. ಆ ಡಬ್ಬ ಮೊನ್ನೆಮೊನ್ನೆಯವರೆಗೂ ನಮ್ಮ ಅಡುಗೆಮನೆಯಲ್ಲೇ ಇತ್ತು, ಹಿಂದಿರುಗಿಸುವ ಮುಖ ನನಗಿರಲಿಲ್ಲ.

ಆ ವರ್ಷ ಅವರ ಚಪ್ಪರ ಖಾಲಿ ಇತ್ತು. ಮರುವರ್ಷ ಅಂಗಡಿಯ ಅವರೆ ಹಾಕಿ ನೋಡಿದರಂತೆ, ಬರೀ ಎಲೆ. ಅದರ ಮುಂದಿನ ವರ್ಷ ನೆಲವನ್ನು ಕೌನ್ಸಿಲ್‌ಗೆ ವಾಪಸು ಕೊಟ್ಟರು. ಮಂಡಿನೋವು ಎಂದರು ಮಗಳು. ಮಂಡಿನೋವೇ ಇರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಹೋದ ಸಂಕ್ರಾಂತಿಗೆ ಹ್ಯಾರೋದ ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದರು. ನಮ್ಮ ಅವರೆಯನ್ನು ಲಂಡನ್ನಿನಲ್ಲಿ ಬೆಳೆಯುವಂತೆ ಮಾಡಿದವಳು ಎಂದು ನನ್ನನ್ನು ವೇದಿಕೆಗೆ ಕರೆದು ಮಾತಾಡಿಸಿದರು. ಪರದೆಯ ಮೇಲೆ ನನ್ನ ಚಿತ್ರಗಳು. ಜಯಮ್ಮ ಮೊದಲ ಸಾಲಿನಲ್ಲಿ ಕೂತಿದ್ದರು. ಕಾಯಿಯ ಚಿತ್ರ ಬಂದಾಗ ಕನ್ನಡಕ ಸರಿಮಾಡಿಕೊಂಡು, "ನಮ್ದಕ್ಕೂ ಹಿಂಗೇ ಅಂಚಲ್ಲಿ ಗೆರೆ ಇತ್ತು, ಅಲ್ವೇನವ್ವ?" ಎಂದು ಕೂತಲ್ಲಿಂದಲೇ ಕೇಳಿದರು. ಅಷ್ಟು ಜನರ ಎದುರು. ನಾನು ನಕ್ಕು, "ಹಾಗಿರೋ ಜಾತಿ ಬೇಕಾದಷ್ಟಿವೆ ಅಮ್ಮ" ಎಂದೆ.

ಆಮೇಲೆ ಊಟದ ಸಾಲಿನಲ್ಲಿ ಅವರು ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ನಾನೂ ಒಂದ್ ಸಲ ಬೀಜ ಕೊಟ್ಟಿದ್ದೆ. ಪಾಪ, ಅವಳ ಒಂದು ವರ್ಷ ಹಾಳಾಯ್ತು ನನ್ನಿಂದ." ಥೂ ನನ್ನ ಜನ್ಮಕ್ಕೆ. ತಟ್ಟೆಯಲ್ಲಿದ್ದ ಹಿತಕಬೇಳೆ ಸಾರನ್ನು ತಿನ್ನಲಾಗಲಿಲ್ಲ, ಚೆಲ್ಲಿಬಂದೆ.

ಆ ವಾರವೇ ಗಂಡನಿಗೆ ಹೇಳಿದೆ. ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥರಿಗೂ ಪ್ರಬಂಧ ಅಚ್ಚಾದ ಪತ್ರಿಕೆಗೂ ಬರೆದೆ. ವಿಚಾರಣೆ ನಡೆಯುತ್ತಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಗೊತ್ತಾದರೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಪಾಡು, ಜಯಮ್ಮನದಲ್ಲ. ತಣ್ಣನೆಯ ಕೋಣೆಯ ಮೂಲೆಯಲ್ಲಿ ಅವರೇ ಕೊಟ್ಟ ಮೊದಲ ಬೀಜ ಒಂದು ಹಿಡಿ ಹಾಗೇ ಇತ್ತು, ಬೂದಿ ಸಮೇತ. ವಿಭಾಗದವರನ್ನು ಕೇಳಿ ಒಪ್ಪಿಗೆ ಪಡೆದು ತಂದೆ. ಐದನ್ನು ಕಿಟಕಿಯ ಹತ್ತಿರ ಕುಂಡದಲ್ಲಿ ಹಾಕಿದೆ. ಐದೂ ಮೊಳೆತವು.

ಹೋದ ಭಾನುವಾರ ಕುಂಡವನ್ನೂ ಉಳಿದ ಬೀಜವನ್ನೂ ಕೋಡುಬಳೆಯ ಡಬ್ಬವನ್ನೂ ಹೊತ್ತುಕೊಂಡು ಅವರ ಮನೆಗೆ ಹೋದೆ. ಎಲ್ಲ ಹೇಳಿದೆ. ಬೇಗ ಬೇಗ ಹೇಳಿದೆ, ನಿಲ್ಲಿಸಿದರೆ ಮತ್ತೆ ಸುಳ್ಳು ಬಂದೀತೆಂದು. ಅವರು ಎಲೆಯನ್ನು ಮುಟ್ಟಿ ನೋಡಿದರು. "ಹಂಗಾರೆ ಬೂದಿ ಸರಿಯಾಗೇ ಹಾಕಿದ್ದೆ ನಾನು" ಎಂದರು. ಎದ್ದುಹೋಗಿ ಕಾಫಿ ಮಾಡಿ ತಂದರು. ನಾನು ಕುಡಿದು ಲೋಟ ಕೆಳಗಿಟ್ಟೆ.

ಆಮೇಲೆ ಎದುರು ಕೂತು ಸೆರಗು ಒಡ್ಡಿದರು. ಸುರಿದೆ. ಅವರು ಗಂಟು ಹಾಕಲಿಲ್ಲ. ಬೀಜವನ್ನು ಬೆರಳಲ್ಲಿ ಎರಡು ಪಾಲು ಮಾಡತೊಡಗಿದರು. ಹಾಳು ಆಸೆ — ನನ್ನ ಕೈ ಸ್ಕಾರ್ಫಿನ ಕಡೆಗೆ ಹೋಯಿತು. ಅವರು ಅದನ್ನು ನೋಡಿದರು.

"ಬ್ಯಾಡ ಕಣವ್ವ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡನೇ ಮನೆ ಬೇರೆ ನೋಡ್ಕತೀನಿ."

ಹೂಂ ಅಮ್ಮ, ಎಂದೆ. ಸ್ಕಾರ್ಫ್ ಕುತ್ತಿಗೆಗೆ ಸುತ್ತಿಕೊಂಡು ಎದ್ದು ಬಂದೆ.