ಕುರುಗೋಡಿನ ಹಗೇವಿನ ಗಾಳಿ

ಗುರುವಾರ ಬೆಳಿಗ್ಗೆ ಗಾಂಧಿನಗರದಿಂದ ಆಟೊ ಹಿಡಿದು ಬಳ್ಳಾರಿ ಬಸ್ ನಿಲ್ದಾಣಕ್ಕೆ ಬಂದೆ. ಕುರುಗೋಡಿಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬೆಳಗಿಗೇ ಬಿಸಿಲು ಚುರುಗುಟ್ಟುತ್ತಿತ್ತು.

ಹೋದ ತಿಂಗಳು ಅಲ್ಲಿ ಅಕ್ಕ ಗಿರಿಜಾಳ ಹೊಲಿಗೆ ಕೋಣೆಯಲ್ಲಿ ನಾನೇ ಒಂದು ರೇಡಾನ್ ಮೀಟರ್ ಇಟ್ಟುಬಂದಿದ್ದೆ. ಅದರ ಅಪಾಯದ ಕೆಂಪು ದೀಪ ಆರುತ್ತಲೇ ಇಲ್ಲವೆಂದು ಅವಳ ಫೋನು ಬಂದಿತ್ತು. ರೇಡಾನ್ ಕಲ್ಲು ಮಣ್ಣಿನೊಳಗಿಂದ ಏಳುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡದ್ದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಕುರುಗೋಡಿನ ಬಂಡೆಗುಡ್ಡ ನೋಡಿದಾಗಲೆಲ್ಲ ನನಗೆ ಈ ಅನುಮಾನ ಬರುತ್ತಿತ್ತು ಎಂದು ಬರೆಯುವ ಆಸೆ. ಬರುತ್ತಿತ್ತೋ, ಈಗ ಹುಟ್ಟಿದ್ದೋ, ಖಾತ್ರಿಯಿಲ್ಲ.

ಭಾವ ವೀರಪ್ಪ ಮನೆ ಮುಂದಿನ ಕಟ್ಟೆಯ ಮೇಲೇ ಮಾತು ಶುರುಮಾಡಿದರು. "ನಿನ್ನ ಮಿಷಿನ್ನೇ ಹೇಳೈತಲ್ಲ ಸುಮಾ. ಆಕಿ ಹೊಲಿಗಿ ಬಿಡ್ಲಿ. ಆ ಕೋಣ್ಯಾಗ ಗೊಬ್ಬರದ ಚೀಲ ಇಡ್ತೀನಿ."

"ಮಂದಿ ಜಂಪರ್ ಹೊಲಸಾಕ ಬರೋ ಕೋಣಿ ಐತಿ ಅದು," ಒಳಗಿಂದ ಅಕ್ಕ ಅಂದಳು. "ನಾ ಬಿಡಾಂಗಿಲ್ಲ."

ಅವಳ ಒಳ್ಳೆಯದಕ್ಕೆಂದು ತಂದ ಮೀಟರು ಭಾವನ ಕೈಯಲ್ಲಿ ಅವಳನ್ನೇ ಕೋಣೆಯಿಂದ ಎಬ್ಬಿಸುವ ಕೋಲಾಗಿತ್ತು. ನನಗೆ ಸಿಟ್ಟು ಬಂತು. ಕೋಣೆಯ ಟೈಲ್ಸ್ ನಡುವೆ ಉದ್ದಕ್ಕೂ ಬಿರುಕಿತ್ತು. ಕೆಳಗೇನಿದೆ ಎಂದು ಕೇಳಿದೆ.

"ಹಗೇವು," ಎಂದರು ಭಾವ. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದಡಿಯ ಗುಂಡಿ. "ಮಣ್ಣು ತುಂಬಿಲ್ಲ. ಬಾಯಿಗೆ ಬಂಡಿಗಲ್ಲು ಹಾಕಿ, ಮ್ಯಾಲೆ ಟೈಲ್ಸ್ ಬಡಸೀವಿ."

ಅದರಿಂದ ಜೋಳ ತೆಗೆಯುವುದನ್ನು ಕಂಡ ನೆನಪು ನನಗಿದೆ. ಆದರೆ ಅಕ್ಕನ ಮದುವೆಗೆ ಮೊದಲೇ ಅದನ್ನು ಮುಚ್ಚಿದ್ದರಂತೆ. ಯಾರೋ ಹೇಳಿದ್ದನ್ನು ನಾನೇ ಕಂಡೆ ಅಂದುಕೊಂಡಿರಬೇಕು.

"ಹಗೇವು ತೆರದ ಕೂಡ್ಲೆ ಯಾರರ ಇಳಿತಿದ್ರೇನು?" ಅಕ್ಕ ಗಂಡನನ್ನು ಕೇಳಿದಳು. "ಒಳಗಿನ ಗಾಳಿ ಹೊರಗ ಹೋಗೋತನ ಕಾಯ್ತಿದ್ರು. ನನ್ನ ಮಾತ್ರ ಅದರ ಮ್ಯಾಲೆ ಕುಂದರಿಸೀರಿ."

ಆ ಉಸಿರುಗಟ್ಟಿಸುವ ಗಾಳಿ ಬೇರೆ, ರೇಡಾನ್ ಬೇರೆ. ಉಪಾಯ ಮಾತ್ರ ಒಂದೇ: ಹೊರಗೆ ಕಳಿಸಬೇಕು. ಗುಂಡಿಗೆ ಪೈಪು ಇಳಿಸಿ, ಸದಾ ತಿರುಗುವ ಫ್ಯಾನಿನಿಂದ ಗಾಳಿಯನ್ನು ಎಳೆದು ಮಾಳಿಗೆಯ ಮೇಲೆ ಬಿಟ್ಟರೆ ಅದು ಕೋಣೆಗೆ ಏರುವುದಿಲ್ಲ.

ಶುಕ್ರವಾರ ಅಕ್ಕ, ನಾನು ತೆಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಸಿರುಗುಪ್ಪಕ್ಕೆ ಹೋದೆವು. ದಾರಿಯುದ್ದಕ್ಕೂ ಭತ್ತದ ಗದ್ದೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಫ್ಯಾನಿನ ಅಂಗಡಿ ಹುಡುಕಿದೆವು.

"ರೈಸ್ ಮಿಲ್ಲಿಗೇನ್ರಿ ಮೇಡಂ?" ಅಂಗಡಿಯವನು ಕೇಳಿದ.

"ಮನಿಗೆ," ಎಂದಳು ಅಕ್ಕ.

"ಮನ್ಯಾಗ ಅಂಥಾದ್ದೇನೈತ್ರಿ ಹೊರಗ ಹಾಕಾಕ?"

"ಗಂಡ ಅದಾನ. ಆದ್ರ ಪೈಪಿನ್ಯಾಗ ಹಿಡ್ಯಾಂಗಿಲ್ಲ."

ಅವನು ನಗುತ್ತಲೇ ಸದ್ದು ಕಡಿಮೆಯಿರುವ ಫ್ಯಾನು ಕಟ್ಟಿಕೊಟ್ಟ.

ಶನಿವಾರ ಮೇಸ್ತ್ರಿ ಬಂಡೆಯ ಅಂಚು ಕೊರೆದು ಪೈಪು ಇಳಿಸಿ, ಮಾಳಿಗೆಯ ಮೇಲೆ ಫ್ಯಾನು ಕೂರಿಸಿದ. ಸುತ್ತಲ ಬಿರುಕುಗಳನ್ನೆಲ್ಲ ಮುಚ್ಚಿದ. ಭಾವ ಬಾಗಿಲಲ್ಲಿ ನಿಂತು "ಹುಚ್ಚು ಖರ್ಚು" ಅನ್ನುತ್ತಿದ್ದರು. ಅಕ್ಕ ಮೇಸ್ತ್ರಿಗೆ ಉಳಿದ ಬಿರುಕು ತೋರಿಸುತ್ತಿದ್ದಳು. ಮುಂದಿನ ವಾರದ ನಡುವೆ ಮೀಟರಿನ ದೀಪ ಹಳದಿಗಿಳಿಯಿತು, ಆಮೇಲೆ ಹಸಿರಾಯಿತು. ಹಸಿರು ಹಾಗೇ ನಿಂತೀತೇ ಎಂಬ ಅಳುಕಿನಿಂದ ಇನ್ನೆರಡು ದಿನ ಉಳಿದೆ. ಹಾಗೇ ನಿಂತಿತು.

ಹೊರಡುವ ದಿನ ಭಾವ ಮೀಟರನ್ನು ತಾವೇ ಎತ್ತಿ ನೋಡಿದರು. "ಕೋಣಿ ಚಲೋ ಆತಲ್ಲ. ಇನ್ನ ಅರ್ಧದಾಗ ಗೊಬ್ಬರ ಇಡಬಹುದು."

ಅಕ್ಕ ಹೊಲಿಗೆ ಯಂತ್ರದ ಒಂದು ಬದಿ ಹಿಡಿದಳು. "ಸುಮಾ, ಆ ಕಡಿ ಹಿಡಿ," ಎಂದಳು. ಗೋಡೆಗೆ ಒತ್ತಿ ಇಟ್ಟಿದ್ದ ಅದನ್ನು ಇಬ್ಬರೂ ಎತ್ತಿ ಕೋಣೆಯ ನಟ್ಟನಡುವೆ, ಹಗೇವಿನ ಬಾಯಿಯ ಮೇಲೆಯೇ ಇಟ್ಟೆವು. ಅವಳು ಕೂತು ಸೂಜಿಗೆ ದಾರ ಪೋಣಿಸಿದಳು.

"ಈಗ ಇಡ್ರಿ, ಎಲ್ಲಿ ಇಡ್ತೀರೋ ನೋಡೋಣು."

ಬೀಳ್ಕೊಡಲು ಅವಳು ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಭಾವ ಅಂಗಳದಲ್ಲಿ ಗೊಬ್ಬರದ ಚೀಲಗಳಿಗೆ ತಾಡಪತ್ರಿ ಹೊದಿಸುತ್ತಿದ್ದರು.