ಅಣ್ಣನ ಹೊಟ್ಟೆಗೆ ಸುತ್ತಿದ ಸೀರೆ

೧೮೯೬ರ ಬೇಸಿಗೆ. ಮಧುರೆಯಲ್ಲಿ ಕಾಲೇಜು ಓದು ಮುಗಿಸಿ ನಾನು ತಮಿಳು ಸೀಮೆಯಲ್ಲಿರುವ ನಮ್ಮೂರು ಮಾರ್ಕಯನ್‌ಕೋಟ್ಟೈಗೆ ಮರಳಿದ ವರ್ಷ. ಅಣ್ಣ ಕೆಂಚಣ್ಣನಿಗೆ ಕರುಳು ತೊಡೆಸಂದಿಗೆ ಇಳಿದು ಉಬ್ಬುವ ಕಾಯಿಲೆಯಿತ್ತು. ಡಾಕ್ಟರು ಅದನ್ನು ಹರ್ನಿಯಾ ಎನ್ನುತ್ತಾರೆ. ನೋವು ತಡೆಯಲಾಗದೆ ಹೋದಾಗ ಗಾಡಿಗೆ ಹುಲ್ಲು ಹಾಸಿ, ಬತ್ತಲಗುಂಡಿನ ಮಾರ್ಗವಾಗಿ ದಿಂಡುಕ್ಕಲ್ಲಿನ ಆಸ್ಪತ್ರೆಗೆ ಕರೆದೊಯ್ದೆ. ಆಪರೇಷನ್‌ಗೆ ಅವನನ್ನು ಒಪ್ಪಿಸಿದ್ದು ನಾನೇ. ಮನೆಯಲ್ಲಿ ಬೇರೆ ಯಾರಿಗೂ ಡಾಕ್ಟರ ಕತ್ತಿಯ ಮೇಲೆ ನಂಬಿಕೆಯಿರಲಿಲ್ಲ.

ಕ್ಲೋರೋಫಾರಂ ಕೊಟ್ಟು ಆಪರೇಷನ್ ಮಾಡಿದರು. ಮರುದಿನ ಇಂಗ್ಲಿಷ್ ಡಾಕ್ಟರು ಬಂದು, ಅಣ್ಣನ ಅಂಗೈಯನ್ನು ಗಾಯದ ಪಟ್ಟಿಯ ಮೇಲೆ ಒತ್ತಿ ಹಿಡಿಸಿದರು. ಹೊಟ್ಟೆ ಏಳುವವರೆಗೆ ನಿಧಾನವಾಗಿ ಉಸಿರೆಳೆದು ಮೆಲ್ಲಗೆ ಬಿಡಬೇಕು, ಎಚ್ಚರವಿರುವಾಗಲೆಲ್ಲ ಆಗಾಗ ಹೀಗೆ ಮಾಡಬೇಕು, ಇಲ್ಲದಿದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ತಮ್ಮ ತಮಿಳಿನಲ್ಲಿ ಹೇಳಿದರು.

ಅವರು ಅತ್ತ ಹೋದದ್ದೇ, "ಬಾಯಿ ಹೊಲ್ದಿರೋ ಮೂಟೆಗೆ ಇನ್ನೂ ತುಂಬು ಅಂತಾನಲ್ಲೋ ಈ ದೊರೆ!" ಎಂದು ಅಣ್ಣ ಗೊಣಗಿದ. ಆದರೂ ಮಾಡಿದ.

ಸಂಜೆ ಊರಿನಿಂದ ಸೋದರತ್ತೆ ಮಲ್ಲಮ್ಮ ಬಂದಳು. ನಮ್ಮೂರಿನಲ್ಲಿ ಹೆರಿಗೆ ಮಾಡಿಸುವವಳು ಅವಳೇ. ಬಾಣಂತಿಯರ ಹೊಟ್ಟೆಗೆ ಹಳೆ ಸೀರೆ ಬಿಗಿಯುವುದರಲ್ಲಿ ಅವಳ ಕೈ ಬಲು ಗಟ್ಟಿ. "ನೀ ಹೋಗಿ ಮಲಗು ತಂಬಿ, ನಾನ್ ನೋಡ್ಕೊತೀನಿ" ಎಂದು ನನ್ನನ್ನು ಛತ್ರಕ್ಕೆ ಕಳಿಸಿದಳು.

ಬೆಳಿಗ್ಗೆ ಬಂದು ನೋಡಿದರೆ ಅಣ್ಣನ ತುಟಿ ನೀಲಿಗಟ್ಟಿತ್ತು. ಮೈ ಸುಡುತ್ತಿತ್ತು. ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಡಾಕ್ಟರು ಬೇರೆ ಊರಿಗೆ ಹೋಗಿದ್ದರು, ಸಂಜೆಗೆ ಬರುವವರು. ಹೊದಿಕೆ ಸರಿಸಿದೆ. ಪಕ್ಕೆಲುಬಿನಿಂದ ಸೊಂಟದವರೆಗೆ ಸೀರೆ, ಸುತ್ತಿನ ಮೇಲೆ ಸುತ್ತು.

"ಏನತ್ತೆ ಇದು?"

"ಹೊಟ್ಟೆ ಕೊಯ್ದವ್ರೆ, ಕಟ್ಟದೆ ಬಿಟ್ರೆ ಕರುಳು ನಿಲ್ತದಾ? ಮುಟ್ಬೇಡ! ಆಚಿಕ್ ಬಂದ್ರೆ ನಿನ್ ಕಾಲೇಜು ಬಂದು ಒಳಕ್ ಹಾಕ್ತದಾ?"

ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಮಾತೇ ನಿಜವಾಗಿಬಿಟ್ಟರೆ ಎಂಬ ಭಯ ನನಗೂ ಬಂತು. ಆದರೆ ಅಣ್ಣ ನನ್ನನ್ನೇ ನೋಡುತ್ತಿದ್ದ. ಮಾತಾಡುವಷ್ಟು ಉಸಿರು ಅವನಲ್ಲಿರಲಿಲ್ಲ. ಕೈ ಬಿಡಿಸಿಕೊಂಡೆ. ಬೆವರಿನಲ್ಲಿ ನೆನೆದ ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಎಳೆದೆ.

ಸುತ್ತು ಸಡಿಲವಾದದ್ದೇ ಅಣ್ಣನಿಗೆ ಕೆಮ್ಮು ಹತ್ತಿತು. ಮೈಯೆಲ್ಲ ಬಾಗಿಹೋಯಿತು. ಅತ್ತೆ ಚೀರಿದಳು. ನಾನು ಗಾಯದ ಮೇಲೆ ಎರಡೂ ಅಂಗೈ ಒತ್ತಿ ಹಿಡಿದೆ. ಕಫ ಬಂತು. ಕೈ ತೆಗೆದು ನೋಡಲು ನನಗೆ ಧೈರ್ಯವಾಗಲಿಲ್ಲ. ಅತ್ತೆಯೇ ನನ್ನ ಕೈ ಸರಿಸಿ ಬಗ್ಗಿ ನೋಡಿದಳು. ರಕ್ತವಿರಲಿಲ್ಲ. ಹೊಲಿಗೆ ನಿಂತಿತ್ತು.

"ಸರ್ಕೊ" ಎಂದು ನನ್ನನ್ನು ತಳ್ಳಿ ಅವಳೇ ಕೂತಳು. ಗಾಯಕ್ಕೆ ಅಂಗೈ ಕೊಟ್ಟು, ಹೆರುವ ಹೆಂಗಸಿಗೆ ಹೇಳುವ ದನಿಯಲ್ಲೇ ಶುರು ಮಾಡಿದಳು: "ಎಳಿ ಕಣಪ್ಪಾ... ಇನ್ನೂ... ಹಾಂ, ಬಿಡು."

ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು. ಅಣ್ಣ ಮೊದಲ ಮಾತು ಆಡಿದ: "ಗಂಡಾ ಹೆಣ್ಣಾ, ಅತ್ತೆ?"

"ಎಮ್ಮೆಕರ" ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಸಂಜೆ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿದರು. ಇನ್ನೊಂದು ರಾತ್ರಿ ಹಾಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಅಣ್ಣ ಈಗ ಚೆನ್ನಾಗಿದ್ದಾನೆ. ಅಂದು ಗಂಟು ಬಿಚ್ಚಿದ್ದು ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅವನು ಊಟ ಮಾಡಿ ಜಗಲಿಯಲ್ಲಿ ಮಲಗಿದರೆ ನನ್ನ ಕಣ್ಣು ಅವನ ಹೊಟ್ಟೆಯ ಮೇಲೆ ಹೋಗುತ್ತದೆ. ಅದು ಏಳುವವರೆಗೆ ನಾನು ಅಲ್ಲಿಂದ ಕದಲಲಾರೆ. ಅವನಿಗೂ ಇದು ಗೊತ್ತು.

"ಇದ್ದೀನಿ, ಹೋಗ್‌ಡಾ" ಎನ್ನುತ್ತಾನೆ, ಕಣ್ಣು ತೆರೆಯದೆಯೇ.